ಹೊಳೆಮ್ಮನ ರೊಕ್ಕ, ಹೊಳೆಮ್ಮನ ಮನಸ್ಸು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಇದೆ. ಆ ಊರ ರಸ್ತೆ ಬದಿಯಲ್ಲಿ ಮನೋಹರ್ ಅವರದೊಂದು ಖಾನಾವಳಿ. ಒಂದು ಮಧ್ಯಾಹ್ನ ಅಲ್ಲಿ ಊಟಕ್ಕೆ ಕುಳಿತಿದ್ದ ಯಾತ್ರಿಕರೊಬ್ಬರು ಜೋಳದ ರೊಟ್ಟಿಯ ತುತ್ತು ಬಾಯಿಗಿಟ್ಟವರೇ ಗಲ್ಲ ಹಿಡಿದುಕೊಂಡರು. ರೊಟ್ಟಿಯಲ್ಲಿ ಕಲ್ಲು ಇತ್ತು.

ಆ ರೊಟ್ಟಿ ರೇಣುಕಮ್ಮನ ಮನೆಯದು. ಖಾನಾವಳಿಗೂ, ಪಕ್ಕದ ಎರಡು ಹೋಮ್‌ಸ್ಟೇಗಳಿಗೂ ರೊಟ್ಟಿ ಮಾಡಿಕೊಡುವುದು ಅವಳ ಕಸುಬು. ಗಂಡ ಪಕ್ಕೀರಪ್ಪ ಬಾಳೆ ತೋಟಗಳಲ್ಲಿ ಗೊನೆ ಕಡಿದು ಗಾಡಿಗೆ ತುಂಬುವ ಕೆಲಸಕ್ಕೆ ಹೋಗುತ್ತಾನೆ. ಆ ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ರೊಟ್ಟಿ ಮಾತ್ರ ದಿನವೂ ಬೇಕು. ಅದರಿಂದಲೇ ಮನೆ ನಡೆಯುತ್ತಿತ್ತು, ಮಗಳ ಶಾಲೆ ನಡೆಯುತ್ತಿತ್ತು.

ಅಂದು ಸಂಜೆ ಮನೋಹರ್ ಖುದ್ದಾಗಿ ಮನೆಗೆ ಬಂದರು.

"ರೇಣುಕಮ್ಮ, ಕಲ್ಲು ಸಿಕ್ಕಿದ್ದು ಇದು ಮೂರನೇ ಸಲ. ದೂರದಿಂದ ಬಂದ ಮಂದಿ ಎದುರಿಗೆ ನನ್ನ ಮುಖ ಸಣ್ಣದಾತು. ಇನ್ನೊಂದು ಸಲ ಹಿಂಗ ಆದ್ರ ನಾನು ಹೊಸ್‌ಪೇಟಿಯಿಂದ ರೊಟ್ಟಿ ತರಿಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ."

"ಇಲ್ರಿ ಸರ. ಇನ್ನೊಮ್ಮೆ ಆಗಾಕ ಬಿಡಂಗಿಲ್ರಿ" ಅಂದಳು ರೇಣುಕಮ್ಮ. ಅವರು ಹೋದ ಮೇಲೆ ಒಳಗೆ ಬಂದಳು. ಅತ್ತೆ ಹೊಳೆಮ್ಮ ಮೂಲೆಯಲ್ಲಿ ಮೊರ ಹಿಡಿದು ಕುಳಿತಿದ್ದಳು. ಜೋಳ ಹಸನು ಮಾಡುವುದು ಅವಳ ಪಾಲಿನ ಕೆಲಸ.

"ಅತ್ತಿ, ಏನು ನೋಡ್ತಿ ನೀನು? ಮೊರದಾಗ ಕಲ್ಲು ಬಿಟ್ಟು ಯಾರ ಮನಿ ಸುದ್ದಿ ವಿಚಾರ ಮಾಡ್ತಿ? ನಾಳೆ ಆರ್ಡರ್ ಹೋದ್ರ ಉಣ್ಣಾದು ಏನು?"

 ಹೊಳೆಮ್ಮ ಮೊರದ ಮೇಲೆ ಬಗ್ಗಿ, ಜೋಳವನ್ನು ಬೆರಳಿನಿಂದ ತಡವಿ ತಡವಿ ನೋಡತೊಡಗಿದಳು. ಒಂದು ಕಾಲಕ್ಕೆ ಅವಳ ರೊಟ್ಟಿಗೆ ಊರಲ್ಲಿ ಹೆಸರಿತ್ತು. ಮದುವೆ ಮನೆಯವರು ಬಂದು, "ಹೊಳೆಮ್ಮಕ್ಕ, ನೀನು ಬಂದ್ರನ ರೊಟ್ಟಿ" ಅಂತ ಕರೆದುಕೊಂಡು ಹೋಗುತ್ತಿದ್ದರು. ಕೆಲವು ವರ್ಷಗಳಿಂದ ಅವಳು ಒಲೆಯ ಮುಂದೆ ಕುಳಿತಿರಲಿಲ್ಲ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದರು.

ಇದೇ ಹೊತ್ತಿಗೆ ಇನ್ನೊಂದು ಕೆಲಸ ನಡೆದಿತ್ತು. ಮನೆಯ ಯಜಮಾನಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಗೃಹಲಕ್ಷ್ಮಿ ಹಣ ಈ ಮನೆಗೆ ಬರುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನ ಅಂತ ತೀರಿಹೋದ ಮಾವನ ಹೆಸರೇ ಉಳಿದಿತ್ತು. ಅದನ್ನು ಯಾರೂ ತಿದ್ದಿಸಿರಲಿಲ್ಲ. ಓಣಿಯ ಅಂಗನವಾಡಿ ಟೀಚರ್ ದೇವಿಕಾ ಇದನ್ನು ನೋಡಿ ಸುಮ್ಮನಿರಲಿಲ್ಲ. ಕಾರ್ಡಿನಲ್ಲಿ ಹೊಳೆಮ್ಮನ ಹೆಸರು ಯಜಮಾನಿ ಅಂತ ಹಾಕಿಸಿದಳು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆಗೆ ಆಧಾರ್ ಜೋಡಿಸಿದಳು. ಅರ್ಜಿ ಹಾಕಿಸಿದಳು. ಕೆಲವು ದಿನ ಕಳೆದ ಮೇಲೆ ಮೊದಲ ಕಂತು ಹೊಳೆಮ್ಮನ ಖಾತೆಗೆ ಬಂತು. ಎರಡು ಸಾವಿರ ರೂಪಾಯಿ.

ಅಂದು ಮನೆಯಲ್ಲಿ ಅದೇ ಮಾತು.

"ನನ್ನ ಬೈಕಿನ ಟೈರ್ ಸವದೈತಿ. ಅದನ್ನ ಹಾಕಿಸಿದ್ರ ದೂರದ ತೋಟಕ್ಕೂ ಹೋಗಬೌದು" ಅಂದ ಪಕ್ಕೀರಪ್ಪ.

"ಗಾಡಿಗಿಂತ ಮದ್ಲು ದೊಡ್ಡ ಗ್ಯಾಸ್ ಒಲಿ" ಅಂದಳು ರೇಣುಕಮ್ಮ. "ಹೊಗಿ ಕುಡದು ಕುಡದು ಎದಿ ಉರೀತೈತಿ. ಈ ಕಂತು, ಮುಂದಿನ ಕಂತು ಕೂಡಿಸಿದ್ರ ಒಲಿ ಬರ್ತೈತಿ."

ಗಂಡ ಹೆಂಡಿರು ಒಲೆಯೋ ಟೈರೋ ಅಂತ ಹಗ್ಗ ಜಗ್ಗಿದರು. ಹೊಳೆಮ್ಮನನ್ನು ಇಬ್ಬರೂ ಕೇಳಲಿಲ್ಲ. ಅವಳು ಮೊಮ್ಮಗಳ ತಲೆ ಬಾಚುತ್ತಾ ಕುಳಿತಿದ್ದಳು.

ಮರುದಿನ ರೇಣುಕಮ್ಮ ಜೋಳ ತರಲು ಗಾದಿಲಿಂಗಪ್ಪನ ಅಂಗಡಿಗೆ ಹೋದಳು. ಗಾದಿಲಿಂಗಪ್ಪನದು ಊರಿನ ಹಳೇ ಕಿರಾಣಿ ಅಂಗಡಿ. ಅವನ ಅಪ್ಪನೂ ಅಲ್ಲೇ ಕುಳಿತು ವ್ಯಾಪಾರ ಮಾಡಿದವನು. ಮನುಷ್ಯ ಕೆಟ್ಟವನಲ್ಲ, ತೂಕದಲ್ಲಿ ಮೋಸ ಮಾಡಿದವನಲ್ಲ. ಮಾತು ಮಾತ್ರ ಒರಟು.

"ಏನವ್ವ ರೇಣುಕಮ್ಮ, ನಿಮ್ಮ ಮನಿಗೂ ಬಿಟ್ಟಿ ರೊಕ್ಕ ಬಂತಂತಲ್ಲ? ಇನ್ನ ರೊಟ್ಟಿ ಬಡಿಯಾದು ಬಿಡ್ತಿ ಬಿಡು. ಕುಂತು ಉಣ್ಣಾದು ಕಲಿಯಾಕ ಎಷ್ಟೊತ್ತು ಬೇಕು?"

"ಎಲ್ಡು ಸಾವಿರದಾಗ ಯಾರು ಕುಂತು ಉಣ್ತಾರ, ಸಾವ್ಕಾರ್ರ?" ಅಂದಳು ರೇಣುಕಮ್ಮ.

"ನೀನು ಏನರ ಅನ್ನು. ನಾನು ಜಿಎಸ್‌ಟಿ ಕಟ್ಟೋನು. ನಮ್ಮ ಮನಿಯಾಕಿಗೆ ಆ ರೊಕ್ಕ ಬರಂಗಿಲ್ಲ. ಬೆಳಿಗ್ಗಿಂದ ರಾತ್ರಿ ತನಕ ಅಂಗಡ್ಯಾಗ ಕುಂತು ಕಟ್ಟೋರು ನಾವು, ಉಣ್ಣೋರು ಊರ ಮಂದಿ. ಕೊಡಾದಾದ್ರ ಹೊಲಿಗಿ ಮಷೀನ್ ಕೊಡ್ಲಿ, ಕುರಿ ಕೊಡ್ಲಿ. ಕೈಗೆ ರೊಕ್ಕ ಕೊಟ್ಟು, ಏನರ ಮಾಡ್ಕೋ ಅಂದ್ರ ಅದೇನು ನ್ಯಾಯ?"

ಅಲ್ಲೇ ಸಾಬೂನು ತೆಗೆದುಕೊಳ್ಳಲು ನಿಂತಿದ್ದ ದೇವಿಕಾ ಈ ಮಾತು ಕೇಳಿದಳು.

"ಅಣ್ಣಾರ, ಒಂದು ಮಾತು ಕೇಳ್ಲಾ? ರೇಣುಕಮ್ಮಗ ಕುರಿ ಕೊಟ್ರ ಅಕಿ ಎಲ್ಲಿ ಕಟ್ಬೇಕು? ಅವ್ರ ಮನಿಗೆ ಹಿತ್ಲ ಎಲ್ಲೈತಿ?"

"ಹಂಗಾದ್ರ ಹೊಲಿಗಿ ಮಷೀನ್."

"ಅಕಿಗೆ ಹೊಲಿಯಾಕ ಬರಂಗಿಲ್ಲ. ಇದರ ಸಲುವಾಗೇ ರೊಕ್ಕ ಕೊಟ್ಟು ಕರಾರು ಹಾಕಿಲ್ರಿ. ಯಾವ ಮನ್ಯಾಗ ಏನು ಕೊರತಿ ಐತಿ ಅನ್ನಾದು ಆ ಮನಿ ಹೆಣಮಗಳಿಗೆ ಗೊತ್ತಿರ್ತೈತಿ. ಮಂದಿಗೆ ಹೆಂಗ ಗೊತ್ತಾಗಬೇಕು?"

"ಸೀರಿ ತಗೊಂಡ್ರ? ಸಿನಿಮಾ ನೋಡಿದ್ರ?"

"ತಗೊಳ್ಲಿ, ನೋಡ್ಲಿ. ನಿಮ್ಮ ಗಲ್ಲಾದಾಗಿನ ರೊಕ್ಕ ನೀವು ಹೆಂಗ ಖರ್ಚು ಮಾಡಿದ್ರಿ ಅಂತ ಯಾರರ ಕೇಳ್ಯಾರೇನು?"

ಗಾದಿಲಿಂಗಪ್ಪ ನಕ್ಕುಬಿಟ್ಟ. ಒಪ್ಪಲಿಲ್ಲ. "ನೋಡಾಣ ತಗೋ ಟೀಚರ್. ಆರು ತಿಂಗಳು ಹೋಗ್ಲಿ" ಅಂದ.

ಎರಡು ದಿನ ಕಳೆದಿತ್ತು. ಹೊಳೆಮ್ಮ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟುಕೊಂಡು, "ನಾನು ದೇವಿಕಾನ ಕೂಡ ಹೊಸ್‌ಪೇಟಿಗೆ ಹೋಗಿ ಬರ್ತೀನಿ" ಅಂದಳು. ಯಾಕೆ ಅಂತ ಹೇಳಲಿಲ್ಲ. ಸಂಜೆ ಬಸ್ಸಿಳಿದು ಬಂದಾಗ ಅವಳ ಮೂಗಿನ ಮೇಲೆ ಕನ್ನಡಕ ಇತ್ತು. ಕೈಯಲ್ಲಿ ಮೊಮ್ಮಗಳಿಗೆ ಖಾರಾ ಬೂಂದಿ, ತನಗೆ ಎಲೆ ಅಡಿಕೆ.

ರೇಣುಕಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಇದೇನತ್ತಿ?"

"ಕನ್ನಡಕ."

"ಅದು ಕಾಣ್ತೈತಿ. ಒಲಿಗೆ ಇಟ್ಟ ರೊಕ್ಕ ಹೋತಲ್ಲ! ಈ ವಯಸ್ಸಿನ್ಯಾಗ ನಿನಗ ಕನ್ನಡಕ ಯಾಕ? ಪೇಪರ್ ಓದ್ತಿಯೇನು?"

ಪಕ್ಕೀರಪ್ಪನೂ ಗೊಣಗಿದ. "ನನ್ನ ಟೈರ್ ಹೋತು, ಅಕಿ ಒಲಿ ಹೋತು. ಯವ್ವ, ಒಂದು ಮಾತು ಕೇಳಬಾರದಾ?"

"ನೀವು ನನ್ನ ಕೇಳಿದ್ರೇನು?" ಅಂದಳು ಹೊಳೆಮ್ಮ. ಅಷ್ಟೇ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮೊರ ಎಳೆದುಕೊಂಡು ಕುಳಿತಳು. 

ಮರುದಿನ ರೇಣುಕಮ್ಮ ದೇವಿಕಾನ ಹತ್ತಿರ ಹೋಗಿ ಜಗಳ ತೆಗೆದಳು. "ನೀನರ ಬುದ್ಧಿ ಹೇಳ್ಬಾರದಾ ಅಕ್ಕಾ? ಕರ್ಕೊಂಡು ಹೋಗಿ ಕನ್ನಡಕ ಕೊಡಿಸ್ಕೊಂಡು ಬಂದಿ."

ದೇವಿಕಾಗೂ ಬೇಸರವಾಯಿತು. ಆದರೂ ತಾಳ್ಮೆಯಿಂದ ಹೇಳಿದಳು. "ರೇಣುಕಾ, ನಾನು ಬುದ್ಧಿ ಹೇಳಾಕ ಅದು ನನ್ನ ರೊಕ್ಕ ಅಲ್ಲ. ನಿಂದೂ ಅಲ್ಲ. ಅತ್ತಿ ಹೆಸರಿಗೆ ಬಂದೈತಿ, ಅತ್ತಿ ಮನಸ್ಸು. ಅಕಿನ ಬಂದು ಕೇಳಿದ್ಲು, 'ಟೀಚರ್, ಕಣ್ಣು ತೋರಿಸ್ಬೇಕು, ಕರ್ಕೊಂಡು ಹೋಗ್ತಿಯೇನು' ಅಂತ. ದವಾಖಾನ್ಯಾಗ ನೋಡಿ, ಪೊರಿ ಇಲ್ಲ, ಹತ್ರದ್ದು ಕಾಣಂಗಿಲ್ಲ ಅಷ್ಟ ಅಂದ್ರು. ಎಷ್ಟು ವರ್ಷದಿಂದ ಹಿಂಗೈತಿ ಅಜ್ಜಿ ಅಂತ ಕೇಳಿದ್ರ, ಅಕಿ ತಲಿ ತಗ್ಗಿಸಿದ್ಲು."

ರೇಣುಕಮ್ಮ ಮನೆಗೆ ಬಂದಳು. ಬಂದವಳು ಬಾಗಿಲ ಬಳಿ ನಿಂತು ನೋಡಿದಳು. ಹೊಳೆಮ್ಮ ಕನ್ನಡಕ ಹಾಕಿಕೊಂಡು ಜೋಳ ಹಸನು ಮಾಡುತ್ತಿದ್ದಳು. ಬೆರಳು ಈಗ ತಡವುತ್ತಿರಲಿಲ್ಲ. ಪಟಪಟನೆ ಒಂದೊಂದೇ ಕಲ್ಲು, ಒಂದೊಂದೇ ಹುಳುಕು ಕಾಳು ಹೆಕ್ಕಿ ಪಕ್ಕಕ್ಕೆ ಇಡುತ್ತಿದ್ದಳು. ಪಕ್ಕದಲ್ಲಿ ಸಣ್ಣ ಕಲ್ಲಿನ ಗುಡ್ಡೆಯೇ ಬಿದ್ದಿತ್ತು.

ರೇಣುಕಮ್ಮ ಹೋಗಿ ಅತ್ತೆಯ ಎದುರಿಗೆ ಕುಳಿತಳು.

"ಕಣ್ಣು ಕಾಣಂಗಿಲ್ಲ ಅಂತ ಯಾಕ ಹೇಳ್ಲಿಲ್ಲ ಅತ್ತಿ?"

"ಹೇಳಿದ್ರ ಏನು ಮಾಡ್ತಿದ್ದಿ? ರೊಕ್ಕ ಎಲ್ಲಿತ್ತು? ಮಗಳ ಜ್ವರ, ಜೋಳ, ಕಟ್ಟಿಗಿ. ಎಲ್ಲಾ ಮುಗುದ ಮ್ಯಾಲೆ ಮುದುಕಿ ಕಣ್ಣು." ಹೊಳೆಮ್ಮ ಮೊರ ಕೆಳಗಿಟ್ಟಳು. "ಹಂಚಿನ ಮ್ಯಾಲೆ ರೊಟ್ಟಿ ಅಂಚು ಕಾಣ್ತಿದ್ದಿಲ್ಲ. ಬೆರಳು ಸುಟ್ಕೊಂತಿದ್ದೆ. ಅದಕ ಒಲಿ ಬಿಟ್ಟೆ. ಜೋಳರ ಆರಿಸಾನು ಅಂದ್ರ ಕಲ್ಲೂ ಜೋಳದಂಗ ಕಾಣ್ತಿತ್ತು. ಇದನ್ನೂ ಬಿಟ್ರ ಮನ್ಯಾಗ ನಾನು ಯಾತಕ್ಕ ಅಂತ, ಕಂಡಂಗ ಮಾಡ್ಕೊಂತ ಕುಂತಿದ್ದೆ."

ರೇಣುಕಮ್ಮನ ಕಣ್ಣು ತುಂಬಿ ಬಂದವು. ತಾನು ಬೈದ ಮಾತುಗಳು ಒಂದೊಂದಾಗಿ ನೆನಪಾದವು.  ಎದ್ದು ಹೋಗಿ ಚಹಾ ಕಾಸಿ, ತಂದು ಅತ್ತೆಯ ಮುಂದಿಟ್ಟಳು. ಹೊಳೆಮ್ಮ ಕುಡಿಯಲು ಬಗ್ಗಿದಾಗ ಕನ್ನಡಕಕ್ಕೆ ಆವಿ ಹಿಡಿಯಿತು. "ಅಯ್ಯ, ಮತ್ತ ಕಾಣವಲ್ದು ನೋಡು!" ಅಂದಳು ಹೊಳೆಮ್ಮ. ಇಬ್ಬರೂ ನಕ್ಕರು.

ಆಮೇಲೆ ರೊಟ್ಟಿಯಲ್ಲಿ ಕಲ್ಲು ಬರಲಿಲ್ಲ. ಮನೋಹರ್ ಹೊಸಪೇಟೆಯ ಮಾತು ಬಿಟ್ಟರು. ಚಳಿಗಾಲ ಬಂದು ಹಂಪಿಗೆ ಬರುವ ಜನ ಹೆಚ್ಚಾದಾಗ ಅವರೇ ಬಂದು, "ದಿನಾ ಇನ್ನಷ್ಟು ರೊಟ್ಟಿ ಬೇಕು" ಅಂದರು. ಮುಂದಿನ ಕಂತು ಬಂದಾಗ ಹೊಳೆಮ್ಮ ಮಗನನ್ನೂ ಸೊಸೆಯನ್ನೂ ಕೂರಿಸಿ ಮಾತಾಡಿದಳು.

"ಈಗ ಹೇಳ್ರಿ. ಏನು ಬೇಕು?"

ಈ ಸಲ ರೇಣುಕಮ್ಮ ಒಲೆ ಅನ್ನಲಿಲ್ಲ. ಯೋಚಿಸಿ ಹೇಳಿದಳು. "ಅತ್ತಿ, ನಾವು ಜೋಳ ದಿನಾ ದಿನಾ ಚಿಲ್ಲರೆ ತರ್ತೀವಿ. ಅದು ತುಟ್ಟಿ ಬೀಳ್ತೈತಿ. ಮನೋಹರ್ ಸರ್ ರೊಕ್ಕ ಕೊಡಾದು ತಿಂಗಳಿಗೊಮ್ಮೆ. ನಡುವ ಕೈ ಖಾಲಿ ಆದ್ರ ಅರ್ಧ ಆರ್ಡರ್ ಬಿಡ್ತೀವಿ. ಒಂದು ಚೀಲ ಜೋಳ ಮನ್ಯಾಗ ಇತ್ತಂದ್ರ ಆ ಚಿಂತಿ ಇರಂಗಿಲ್ಲ."

"ಹಂಗಾದ್ರ ಚೀಲಾನ ತರಾನು" ಅಂದಳು ಹೊಳೆಮ್ಮ. "ಕಡಿಮಿ ಬಿದ್ರ ಪಕ್ಕೀರಪ್ಪ ಹಾಕ್ಲಿ. ಟೈರ್ ಮುಂದಿನ ತಿಂಗಳು ನೋಡಾನು."

ಪಕ್ಕೀರಪ್ಪ ತಲೆ ಕೆರೆದುಕೊಂಡ. ಆದರೂ ತಾನೇ ಹೋಗಿ ಗಾದಿಲಿಂಗಪ್ಪನ ಅಂಗಡಿಯಿಂದ ಚೀಲ ಹೊತ್ತು ತಂದ. ಇಡೀ ಚೀಲ, ಕೈಯಲ್ಲಿ ರೊಕ್ಕ ಹಿಡಿದು ಕೇಳಿದ್ದಕ್ಕೆ ಗಾದಿಲಿಂಗಪ್ಪ ದರದಲ್ಲೂ ಇಳಿಸಿದ್ದ. ಮನೆಯ ಮೂಲೆಯಲ್ಲಿ ಚೀಲ ನಿಂತ ಮೇಲೆ ರೇಣುಕಮ್ಮನಿಗೆ ನಿದ್ದೆಯೂ ಚೆನ್ನಾಗಿ ಬಂತು.

ಆದರೆ ಕಷ್ಟ ಹೇಳಿ ಕೇಳಿ ಬರುವುದಿಲ್ಲ.

ಒಂದು ಮುಂಜಾನೆ ರೇಣುಕಮ್ಮ ರೊಟ್ಟಿ ಹಿಟ್ಟಿಗೆ ಎಸರು ಇಟ್ಟಿದ್ದಳು. ನೀರು ಕೊತಕೊತ ಕುದಿಯುತ್ತಿತ್ತು. ಪಾತ್ರೆ ಇಳಿಸುವಾಗ ಬಟ್ಟೆ ಜಾರಿತು. ಕುದಿಯುವ ಎಸರು ಬಲಗೈ ಮೇಲೆ ಸುರಿಯಿತು. ಅವಳು ಕಿರುಚಿದ ಸದ್ದಿಗೆ ಓಣಿಯೇ ಓಡಿ ಬಂತು.

"ಹಲ್ಲುಪುಡಿ ಹಚ್ರಿ!" ಅಂದರು ಒಬ್ಬರು. "ಶಾಯಿ ಹಾಕ್ರಿ!" ಅಂದರು ಇನ್ನೊಬ್ಬರು.

"ಏನೂ ಹಚ್ಚಬ್ಯಾಡ್ರಿ!" ಅಂತ ಕೂಗುತ್ತಾ ದೇವಿಕಾ ಬಂದಳು. ಬಳೆ ತೆಗೆದು, ನಲ್ಲಿಯ ಕೆಳಗೆ ಕೈ ಹಿಡಿಸಿ, ಬಹಳ ಹೊತ್ತು ತಣ್ಣೀರು ಬಿಟ್ಟಳು. ಆಮೇಲೆ ಒಗೆದ ಬಟ್ಟೆ ಸಡಿಲವಾಗಿ ಸುತ್ತಿ, ಆಟೋದಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪಟ್ಟಿ ಕಟ್ಟಿ ಹೇಳಿದರು: "ಕೈ ಉಳಿತೈತಿ, ಹೆದರಬ್ಯಾಡಮ್ಮ. ಆದ್ರ ಗಾಯ ಮಾಯೋತನಕ ನೀರು, ಬೆಂಕಿ ಎರಡೂ ಮುಟ್ಟಂಗಿಲ್ಲ."

ಮನೆಗೆ ಬಂದ ರೇಣುಕಮ್ಮ ಗೋಡೆಗೆ ಒರಗಿ ಅತ್ತಳು. ಕೈ ನೋವಿಗಿಂತ ಆರ್ಡರ್ ಚಿಂತೆ ಹೆಚ್ಚಾಗಿತ್ತು. ಹಂಗಾಮು ನಡೆದಿತ್ತು. ರೊಟ್ಟಿ ನಿಂತರೆ ಮನೋಹರ್ ಬೇರೆ ಕಡೆ ನೋಡುವುದು ತಪ್ಪಲ್ಲ. ಅವರಿಗೂ ಗಿರಾಕಿ ಇದ್ದಾರೆ. ಒಮ್ಮೆ ಬಿಟ್ಟ ಆರ್ಡರ್ ಮತ್ತೆ ಸಿಗುತ್ತದೆಯೇ?

ಪಕ್ಕೀರಪ್ಪ ಚೀಲದ ಕಡೆ ನೋಡಿದ.

"ತ್ವಾಟದ ಕೆಲಸಾನೂ ಈ ವಾರ ಇಲ್ಲ. ಜೋಳದ ಚೀಲ ಮಾರಿಬಿಡ್ತೀನಿ. ಮನಿ ನಡೀಬೇಕಲ್ಲ."

ರೇಣುಕಮ್ಮನಿಗೆ ಹಳೆಯದು ನೆನಪಾಯಿತು. ಹಿಂದೆಯೂ ಹೀಗೇ ಆಗಿತ್ತು. ಮಗಳಿಗೆ ಜ್ವರ ಬಂದ ವರ್ಷ ಜೋಳದ ರೊಕ್ಕ ಔಷಧಿಗೆ ಹೋಗಿ, ಕಸುಬೇ ನಿಂತು, ಮತ್ತೆ ಶುರುಮಾಡಲು ಅವಳು ಎರಡು ಹಂಗಾಮು ಕೂಲಿಗೆ ಹೋಗಬೇಕಾಗಿತ್ತು.

"ಚೀಲ ಮುಟ್ಟಬ್ಯಾಡ" ಅಂದಳು ಹೊಳೆಮ್ಮ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕನ್ನಡಕವನ್ನು ಸೀರೆಯ ಅಂಚಿನಿಂದ ಒರೆಸಿ ಹಾಕಿಕೊಂಡಳು. ಒಲೆಯ ಮುಂದೆ ಹೋಗಿ ಕುಳಿತಳು.

"ಈ ತಿಂಗಳ ನನ್ನ ರೊಕ್ಕ ಬಂದೈತಿ. ಅಕ್ಕಿ, ಬ್ಯಾಳಿ, ಎಣ್ಣಿ ಅದರಾಗ ತಾ. ದವಾಖಾನಿಗೆ ಹೋಗಾಕ ಬರಾಕ ಇಟ್ಕೋ. ಜೋಳ ರೊಟ್ಟಿಗೆ ಇರ್ಲಿ. ಎಸರು ಇಡು, ಪಕ್ಕೀರಪ್ಪ."

"ಯವ್ವ, ನಿನ್ನ ಕಡಿಂದ ಆಗ್ತೈತೇನು?"

"ನಿನ್ನ ಮದುವಿ ರೊಟ್ಟಿ ಯಾರು ಬಡದ್ರು? ಎಸರು ಇಡು ಅಂದೆ."

ಮೊದಲ ರೊಟ್ಟಿ ಸ್ವಲ್ಪ ಸೊಟ್ಟಗಾಯಿತು. ಎರಡನೆಯದು ಹಂಚಿನ ಮೇಲೆ ಬಿದ್ದು, ನೀರು ಸವರಿ ತಿರುವಿ ಹಾಕಿದಾಗ ಚೆಂಡಿನಂತೆ ಉಬ್ಬಿತು. ಹೊಳೆಮ್ಮನ ಕೈಗೆ ಹಳೆಯದೆಲ್ಲ ನೆನಪಿತ್ತು. ಕಣ್ಣಿಗೆ ಅಂಚು ಕಾಣುತ್ತಿತ್ತು. ಪಕ್ಕೀರಪ್ಪ ಹಿಟ್ಟು ನಾದಿದ. ಜೀವನದಲ್ಲಿ ಮೊದಲ ಸಲ ನಾದಿದ್ದು, ಮುಖಕ್ಕೆಲ್ಲ ಹಿಟ್ಟು. "ಗಟ್ಟಿ ನಾದಲೇ, ಬಾಳಿಗೊನಿ ಎತ್ತೋ ಕೈಗೆ ಏನಾಗೈತಿ?" ಅಂತ ಅವ್ವ ಬೈಯುತ್ತಿದ್ದಳು. ಅಳುತ್ತಿದ್ದ ರೇಣುಕಮ್ಮನಿಗೂ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಬುಟ್ಟಿ ಖಾನಾವಳಿಗೆ ಹೋಯಿತು. ಎಂದಿಗಿಂತ ತಡವಾಗಿತ್ತು, ಎಂದಿನಷ್ಟು ಇರಲಿಲ್ಲ. ಆದರೂ ಹೋಯಿತು.

ಮನೋಹರ್ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಇದು ಯಾರ ಕೈ?" ಅಂದರು.

"ನಮ್ಮವ್ವಂದ್ರಿ" ಅಂದ ಪಕ್ಕೀರಪ್ಪ.

"ಮಸ್ತ್ ಐತಿ. ಕೈ ಆರಾಮಾಗೋ ತನಕ ಎಷ್ಟು ಆಗ್ತಾವೋ ಅಷ್ಟ ಕೊಡ್ರಿ. ಉಳಿದದ್ದಕ್ಕ ಹೆಂಗರ ಮಾಡ್ತೀನಿ. ಆರ್ಡರ್ ನಿಮ್ದ."

ರೇಣುಕಮ್ಮನ ಕೈ ನಿಧಾನವಾಗಿ ಮಾಯಿತು. ಚರ್ಮದ ಮೇಲೆ ಕಲೆ ಉಳಿಯಿತು, ಆದರೆ ಬೆರಳು ಮಡಚಲು ಬಂದವು. ಅವಳು ಮತ್ತೆ ಒಲೆಯ ಮುಂದೆ ಕುಳಿತಾಗ ಅತ್ತೆ ಪಕ್ಕದಿಂದ ಏಳಲಿಲ್ಲ. ಇಬ್ಬರು ಕೂಡಿ ಬಡಿದರೆ ರೊಟ್ಟಿ ಹೆಚ್ಚಾದವು. ಹೆಚ್ಚಾದದ್ದನ್ನು ಒಣಗಿಸಿ ಕಟಿ ರೊಟ್ಟಿ ಮಾಡಿದರು. ದೊಡ್ಡ ಗ್ಯಾಸ್ ಒಲೆಯೂ ಮನೆಗೆ ಬಂತು. ಅದು ರೊಟ್ಟಿಯ ಗಳಿಕೆಯಿಂದಲೇ ಬಂತು. ಪಕ್ಕೀರಪ್ಪನ ಟೈರ್‌ಗೆ ಮಾತ್ರ ಇನ್ನೂ ಸರದಿ ಬಂದಿರಲಿಲ್ಲ. "ನಂದು ಯಾವಾಗ?" ಅಂತ ಕೇಳುತ್ತಲೇ ಇದ್ದ.

ಬೇಸಿಗೆ ಬಂತು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಬಂಡೆ ಕಾದರೆ ಹಂಪಿ ನೋಡಲು ಬರುವವರು ಕಡಿಮೆ. ರಸ್ತೆ ಬದಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುವ ಕಾಲ. ಗಾದಿಲಿಂಗಪ್ಪ ಪ್ರತಿ ವರ್ಷ ಈ ತಿಂಗಳುಗಳಲ್ಲಿ ಸರಕು ತರಿಸುವುದನ್ನೇ ನಿಲ್ಲಿಸುತ್ತಿದ್ದ.

ಆ ವರ್ಷ ಅವನ ಅಂಗಡಿಯ ಮುಂದೆ ಜನ ಇತ್ತು. ಹೆಂಡತಿ ಸುವರ್ಣಮ್ಮ ತೂಕ ಮಾಡಿ ಮಾಡಿ ಸುಸ್ತಾಗಿ ಕುಳಿತಳು. ಅಷ್ಟರಲ್ಲಿ ದೇವಿಕಾ ಬಂದಳು.

"ಏನ್ರಿ ಅಣ್ಣಾರ, ಆರು ತಿಂಗಳಾತಲ್ಲ? ಯಾರರ ಕುಂತು ಉಣ್ಣಾಕತ್ತಾರೇನು?"

 ಗಂಡನಿಗಿಂತ ಮೊದಲು ಸುವರ್ಣಮ್ಮ ಉತ್ತರ ಕೊಟ್ಟಳು. "ನಾನು ಹೇಳ್ತೀನಿ ಟೀಚರ್. ಇವ್ರು ದಿನಾ ಒಂದ ಹಾಡು ಹಾಡ್ತಿದ್ರು, ನಾ ಕಟ್ಟಿದ ಟ್ಯಾಕ್ಸ್ ಎಲ್ಲಿ ಹೋತು, ಎಲ್ಲಿ ಹೋತು ಅಂತ. ರೀ, ಗಲ್ಲಾ ಪೆಟಿಗಿ ತಗದು ನೋಡ್ರಿ. ಊರ ಹೆಣಮಕ್ಕಳ ಕೈಯಾಗಿಂದ ಇಲ್ಲಿಗೇ ಬಂದೈತಿ. ಹ್ವಾದ ಬ್ಯಾಸಿಗ್ಯಾಗ ಉದ್ರಿ ಕೇಳೋರ ಹೆಚ್ಚು. ಈಗ ರೊಕ್ಕ ಕೊಟ್ಟು ಬ್ಯಾಳಿ ಒಯ್ತಾರ, ಬೆಲ್ಲ ಒಯ್ತಾರ, ಮಕ್ಕಳಿಗೆ ಶೇಂಗಾ ಒಯ್ತಾರ."

ಗಾದಿಲಿಂಗಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ದೇವಿಕಾನ ಕಡೆ ತಿರುಗಿದ.

"ಖರೇ ಹೇಳ್ಬೇಕಂದ್ರ ಟೀಚರ್, ನನಗ ಹೊಟ್ಟಿಕಿಚ್ಚು ಇತ್ತು. ಮಂದಿಗೆ ಪುಕ್ಕಟೆ ಸಿಗತೈತಿ, ನಮಗ ಸಿಗಂಗಿಲ್ಲ ಅಂತ. ಆ ಹೊಳೆಮ್ಮ ಕನ್ನಡಕ ತಂದಾಗ ಇಲ್ಲೇ ಕುಂತು ಭಾಳ ನಕ್ಕೆ. ಆದ್ರ ಸೊಸಿ ಕೈ ಸುಟ್ಟಾಗ ಆ ಮನಿ ಬೀಳ್ತೈತಿ ಅಂದ್ಕೊಂಡಿದ್ದೆ, ಬೀಳ್ಲಿಲ್ಲ. ಅವ್ರ ಕಸಬು ನಿಂತಿದ್ರ ನನಗೂ ಒಂದು ಗಿರಾಕಿ ಕಡಿಮಿ ಆಗತಿತ್ತು. ಈಗ ತಿಂಗಳಿಗೆ ಚೀಲಗಟ್ಲೆ ಜೋಳ ಒಯ್ತಾರ."

ಅಂದು ಸಂಜೆ ಗಾದಿಲಿಂಗಪ್ಪ ಹೊಳೆಮ್ಮನ ಮನೆಗೆ ಬಂದ. ಅವನು ಆ ಮನೆಯ ಮೆಟ್ಟಿಲು ಹತ್ತಿದ್ದು ಅಪರೂಪ. "ಬರ್ರಿ ಸಾವ್ಕಾರ್ರ, ಕುಂದ್ರಿ" ಅಂತ ರೇಣುಕಮ್ಮ ಚಾಪೆ ಹಾಸಿದಳು.

"ಹೊಳೆಮ್ಮಕ್ಕ, ನಿನ್ನ ಕಟಿ ರೊಟ್ಟಿ ನನ್ನ ಅಂಗಡ್ಯಾಗ ಇಡ್ಬೇಕು ಅಂತೀನಿ. ಪ್ಯಾಕೆಟ್ ಮಾಡಿ ಕೊಡ್ರಿ. ಸಂಡೂರು ಕಡಿಗೆ ಹೋಗೋ ಲಾರಿ ಡ್ರೈವರ್‌ಗಳು ಕೇಳ್ತಾರ, ವಾರಗಟ್ಲೆ ಇಟ್ಕೊಂಡು ಉಣ್ಣಾಕ."

"ಉದ್ರಿ ಇಲ್ಲ, ನೋಡಪ್ಪ" ಅಂದಳು ಹೊಳೆಮ್ಮ. "ರೊಟ್ಟಿ ಮದ್ಲು ಎಣಿಸ್ಕೋ, ರೊಕ್ಕ ಅಲ್ಲೇ ಇಡು."

ಗಾದಿಲಿಂಗಪ್ಪ ಮನಸಾರೆ ನಕ್ಕ. "ವ್ಯಾಪಾರ ನನಗ ಕಲಿಸಾಕತ್ತಿಯಲ್ಲಬೇ!"

ಪಕ್ಕೀರಪ್ಪ ಮುಂದೆ ಬಂದ. "ಹಂಗಾದ್ರ ಯವ್ವ, ಪ್ಯಾಕೆಟ್ ಹಾಕಿ ಬರಾಕ ಗಾಡಿ ಬೇಕಾಗ್ತೈತಿ. ಟೈರ್..."

"ಹಾಕಿಸ್ಕೊಳ್ಳಲೇ, ಹಾಕಿಸ್ಕೋ" ಅಂದಳು ಹೊಳೆಮ್ಮ. ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಮೊಮ್ಮಗಳೂ ನಕ್ಕಳು.

ಓದುಗರೇ, ಕೇಳುಗರೇ, ಮಹಿಳಾ ಸಂಘದ ಅಕ್ಕ ತಂಗಿಯರೇ,

ಹೊಳೆಮ್ಮನಿಗೆ ಇಂಥದ್ದನ್ನೇ ಕೊಳ್ಳು ಅಂತ ಯಾರಾದರೂ ಕರಾರು ಹಾಕಿದ್ದರೆ ಅವಳು ಏನು ತರುತ್ತಿದ್ದಳೋ ಗೊತ್ತಿಲ್ಲ. ಕರಾರು ಇರಲಿಲ್ಲ. ಅದಕ್ಕೇ ಮನೆಯವರಿಗೂ ಕಾಣದಿದ್ದ ಕೊರತೆ ಮೊದಲು ತುಂಬಿತು. ಆಮೇಲೆ ಬಂದ ಹಣ ಒಮ್ಮೆ ಜೋಳವಾಯಿತು, ಒಮ್ಮೆ ಊಟವಾಯಿತು. ಕಷ್ಟದ ತಿಂಗಳಲ್ಲಿ ಬಂಡವಾಳ ತಿಂದು ಹಾಕದಂತೆ ಕಸುಬನ್ನು ಉಳಿಸಿತು. ಕೊನೆಗೆ ಊರಿನ ಅಂಗಡಿಗೂ ಹರಿಯಿತು. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ಕೊರತೆ ಬೇರೆ ಬೇರೆ. ಅದನ್ನು ಬಲ್ಲವರು ಮನೆಯವರೇ.

ನಿಮ್ಮ ಮನೆಗೆ ಗೃಹಲಕ್ಷ್ಮಿ ಹಣ ಬರುತ್ತಿಲ್ಲವೇ? ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಣ್ಣುಮಗಳ ಹೆಸರಿದೆಯೇ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಕೇಳಿ. ಗೊತ್ತಾಗದಿದ್ದರೆ ನಿಮ್ಮೂರಿನ ಅಂಗನವಾಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ವಿಚಾರಿಸಿ. ಇದು ಸಾಲವಲ್ಲ, ಮರಳಿ ಕಟ್ಟಬೇಕಿಲ್ಲ. ಕೊಡಿಸುತ್ತೇನೆಂದು ಪಾಲು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಫೋನಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ.

ಹಣ ಬಂದ ದಿನ ಮನೆಯ ಗಂಡಸರು, ಮಕ್ಕಳು, ಸೊಸೆಯಂದಿರು ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಪಟ್ಟಿ ಹೇಳುವ ಮುಂಚೆ ಯಾರ ಹೆಸರಿಗೆ ಬಂದಿದೆಯೋ ಆ ತಾಯಿಯ ಪಕ್ಕ ಕುಳಿತು, "ಯವ್ವ, ನಿನಗೇನು ಬೇಕು?" ಅಂತ ಕೇಳಿ. ಅವಳು ಹೇಳುವವರೆಗೆ ಕಾಯಿರಿ.